ಗೋಡೆಗೆ ಅಂಟಿಸಿದ ಬಳ್ಳಿ

ನಾನು ನಿಂತಿದ್ದದ್ದು ಕುಕ್ಕುಂದೂರಿನ ಒಂದು ಹಂಚಿನ ಮನೆಯಲ್ಲಿ, ಅಡುಗೆಕೋಣೆಯ ಹೊಸ್ತಿಲಿನ ಹೊರಗೆ, ಬಲಗಡೆಯ ದಾರಂದಕ್ಕೆ ಭುಜ ತಾಗಿಸಿಕೊಂಡು. ೧೯೭೯ನೆಯ ಇಸವಿ, ದೀಪಾವಳಿ ಕಳೆದ ನಾಲ್ಕನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆ. ಅವರು ಒಳಗೆ, ಒಲೆಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದರು. ಬಲಗೈಯಲ್ಲಿ ಒದ್ದೆ ಬಟ್ಟೆ. ಎಡ ಕಂಕುಳಲ್ಲಿ ಒಂದು ಕೋಲು. ಕೋಲಿಗೆ ಹಸಿ ಬಳ್ಳಿ ಸುತ್ತಿಕೊಂಡಿತ್ತು. ಗೋಡೆಗೆ ಗಂಜಿತಿಳಿಯಿಂದ ಅಂಟಿಸಿದ್ದ ಒಂದು ಪತ್ರಿಕೆಯ ತುಂಡನ್ನು ಅವರು ತೇವ ಮಾಡಿ ಉಗುರಿನಿಂದ ಕೆರೆಯುತ್ತಿದ್ದರು. ಆ ತುಂಡಿನಲ್ಲಿದ್ದ ಬರಹ ಅವರದು. ಚಿತ್ರ ಕೆತ್ತಿದವನು ನಾನು. ಆ ಚಿತ್ರವನ್ನು ನಂಬಿ ಅಗೆದ ಕಾಡುಗೆಣಸನ್ನು ತಿಂದು ಆ ಮನೆಯ ಆರು ವರ್ಷದ ಹುಡುಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದಳು.

ಅವರು ಕಳೆದ ತಿಂಗಳು ತೀರಿಕೊಂಡರು. ಹತ್ತು ವರ್ಷವಾಗುತ್ತ ಬಂತು ಆ ಭಾನುವಾರಕ್ಕೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾರ್ಕಳದ ಕಡೆ ಕೆಲವರಾದರೂ, "ಯಾರು, ಆ ವಿಷದ ಮಾಷ್ಟ್ರಾ?" ಎಂದು ಕೇಳಿಯಾರು. ಅವರು ಮಾಷ್ಟ್ರೂ ಅಲ್ಲ. ಮಣಿಪಾಲದಲ್ಲಿ ಒಂದು ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದರು. ಮನೆ ಕಾಪುವಿನಲ್ಲಿ. ದಿನಾ ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಮೊದಲು ಜನ ಅವರನ್ನು ಕರೆಯುತ್ತಿದ್ದದ್ದು 'ಬೂದಿ ಮಾಷ್ಟ್ರು' ಎಂದು. ಕೆಲಸ ಮುಗಿದ ಮೇಲೆ, ಮೇಲಿನವರ ಅನುಮತಿ ಪಡೆದು, ಬೇಲಿಯ ಸೊಪ್ಪುಗಳನ್ನು ಪಿಂಗಾಣಿ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯಲ್ಲಿ ಕಬ್ಬಿಣ ಎಷ್ಟು, ಸುಣ್ಣದ ಅಂಶ ಎಷ್ಟು ಎಂದು ನೋಡುತ್ತಿದ್ದರು. ಅದಕ್ಕೆ ಆ ಹೆಸರು.

"ಬೇಲಿಯಲ್ಲಿ ಉಂಟು ಮಾರಾಯ್ರೆ, ನಾವು ಬಾಟಲಿಯಲ್ಲಿ ಹುಡುಕುವುದು," ಎನ್ನುತ್ತಿದ್ದರು. ಟಾನಿಕ್ಕಿನ ಬಾಟಲಿ ಹಿಡಿದುಕೊಂಡು ಆಸ್ಪತ್ರೆಯಿಂದ ಹೊರಗೆ ಬರುವ ಬಿಳಿಚಿದ ಮುಖದ ಹೆಂಗಸರನ್ನು ಕಂಡರೆ ಅವರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಒಮ್ಮೆ ನನ್ನೆದುರೇ ಒಬ್ಬರನ್ನು ನಿಲ್ಲಿಸಿ, "ಅಕ್ಕಾ, ನಿಮ್ಮ ಮನೆಯ ಹತ್ತಿರ ಚಗಟೆ ಉಂಟಾ? ತಜಂಕ್, ತಜಂಕ್?" ಎಂದು ತುಳುವಿನ ಹೆಸರನ್ನೂ ಸೇರಿಸಿ ಕೇಳಿದರು. ಆಕೆ, "ಉಂಟು, ದನಗಳೂ ಮುಟ್ಟುವುದಿಲ್ಲ ಅದನ್ನು," ಎಂದರು. "ದನಕ್ಕೆ ಬುದ್ಧಿ ಇಲ್ಲ, ನೀವು ಮುಟ್ಟಿ," ಎಂದರು ಇವರು.

ಸೊಪ್ಪು ಕಂಡರೆ ಅವರ ಕೈ ಮೊದಲು ಹೋಗುತ್ತಿತ್ತು, ಕಣ್ಣು ಆಮೇಲೆ. ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ, ಮೂಸಿ, ಚೂರನ್ನು ನಾಲಿಗೆಯ ಕೆಳಗಿಟ್ಟು ತುಟಿ ಬಿಗಿದು ನಿಲ್ಲುತ್ತಿದ್ದರು. ಆಗ ಮಾತಾಡಿಸಿದರೆ ಕೈ ಅಡ್ಡ ಹಿಡಿಯುವರು. ಜೀವನದಲ್ಲಿ ಅವರು ಒಂದೇ ಕಡೆ ನಿಲ್ಲುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕಿಟಕಿಯ ಹೊರಗೆ ಏನಾದರೂ ಕಂಡು ಅರ್ಧ ದಾರಿಯಲ್ಲಿ ಇಳಿದುಬಿಡುವರು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಹಸಿರು ಕಲೆ. ಕಂಡಕ್ಟರುಗಳಿಗೆಲ್ಲ ಗುರುತು. "ಮಾಷ್ಟ್ರೆ, ನಿಮಗೆ ಫುಲ್ಲು, ಸೊಪ್ಪಿಗೆ ಹಾಫ್ ಟಿಕೆಟ್ ಕೊಡಲಾ?" ಎಂದು ಒಬ್ಬ ಕೇಳಿದರೆ, "ಸೊಪ್ಪಿಗೆ ಫುಲ್ಲು ಕೊಡು, ಅದರಲ್ಲಿ ನನಗಿಂತ ಹೆಚ್ಚು ಸತ್ವ ಉಂಟು," ಎಂದು ಇವರ ಉತ್ತರ.

ಅವರ ಬಾಲ್ಯದಲ್ಲಿ ಮಳೆಗಾಲದ ಕಡಲು ಮುಚ್ಚಿ, ಮೀನೂ ಇಲ್ಲ ಅಕ್ಕಿಯೂ ಇಲ್ಲ ಎಂಬ ಹೊತ್ತಿನಲ್ಲಿ ತಾಯಿ ಬೇಲಿಯ ಸೊಪ್ಪು ಬೇಯಿಸಿ ಮಕ್ಕಳನ್ನು ಸಾಕಿದ್ದರಂತೆ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಅದೇ ತಾಯಿ ಆ ಸೊಪ್ಪಿನ ಹೆಸರೆತ್ತಲು ನಾಚಿದರಂತೆ. "ಹಸಿದಾಗ ತಿಂದದ್ದನ್ನು ಜನ ಮರೆಯುವುದಲ್ಲ, ಅಡಗಿಸುವುದು. ಅಡಗಿಸಿ ಅಡಗಿಸಿ ಮಕ್ಕಳಿಗೆ ಗೊತ್ತೇ ಇಲ್ಲದ ಹಾಗೆ ಆಗುತ್ತದೆ," ಎಂದು ಒಮ್ಮೆ ಹೇಳಿದ್ದರು. ಅದಕ್ಕೇ ಅವರು ಬರೆಯಲು ಶುರುಮಾಡಿದ್ದು.

ನಾನು ಉಡುಪಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಅಲ್ಲಿಂದ ಒಂದು ಸಣ್ಣ ವಾರಪತ್ರಿಕೆ ಹೊರಡುತ್ತಿತ್ತು. ಈಗ ಅದೂ ಇಲ್ಲ, ಮುದ್ರಣಾಲಯವೂ ಇಲ್ಲ. ಅದರ ಕೊನೆಯ ಪುಟದಲ್ಲಿ ಇವರದು ವಾರಕ್ಕೊಂದು ಗಿಡ. ಚಗಟೆ, ಒಂದೆಲಗ, ಕೆಸು, ಎಳೆಬಿದಿರಿನ ಕಣಿಲೆ. ಯಾವುದರಲ್ಲಿ ಏನು ಸತ್ವ, ಯಾವ ಹೊತ್ತಿನಲ್ಲಿ ಕೊಯ್ಯಬೇಕು, ತುರಿಕೆ ಹೋಗಲು ಎಷ್ಟು ಹುಳಿ. ಹೆಂಗಸರು ಅದನ್ನು ಕತ್ತರಿಸಿ ಅಡುಗೆಕೋಣೆಯ ಗೋಡೆಗೆ ಅಂಟಿಸುತ್ತಾರೆ ಎಂದು ಕೇಳಿ ಅವರು ಮಗುವಿನ ಹಾಗೆ ಹಿಗ್ಗಿದ್ದರು.

ಚಿತ್ರ ಅವರೇ ಬರೆದು ತರುತ್ತಿದ್ದರು. ಸತುವಿನ ಬ್ಲಾಕು ಮಾಡಿಸಲು ಮಂಗಳೂರಿಗೆ ಕಳಿಸಬೇಕು, ವಾರ ಹಿಡಿಯುತ್ತದೆ. ಹಾಗಾಗಿ ನಾನು ಲಿನೋ ಎಂಬ ರಬ್ಬರಿನಂಥ ದಪ್ಪ ಹಾಳೆಯ ಮೇಲೆ ಕೆತ್ತುತ್ತಿದ್ದೆ. ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬೀಳುವುದರಿಂದ, ಕೆತ್ತುವಾಗಲೇ ತಿರುಗಿಸಿ ಕೆತ್ತಬೇಕು. ಅವರ ಚಿತ್ರ ತೆಳುಹಾಳೆಯಲ್ಲಿ ಪೆನ್ಸಿಲಿನಲ್ಲಿ ಇರುತ್ತಿತ್ತು. ಅದನ್ನು ಲಿನೋದ ಮೇಲೆ ಬೋರಲು ಹಾಕಿ ಉಜ್ಜಿದರೆ ತಾನಾಗಿ ತಿರುಗಿ ಮೂಡುತ್ತಿತ್ತು. ನಾನು ಯೋಚಿಸಬೇಕಾದ್ದು ಏನೂ ಇರಲಿಲ್ಲ.

ಆ ವರ್ಷದ ಅಕ್ಟೋಬರ್ ಮೊದಲ ವಾರ ಅವರು ಕಾಡುಗೆಣಸಿನ ಚಿತ್ರವನ್ನು ದಪ್ಪ ರಟ್ಟಿನ ಮೇಲೆ ಶಾಯಿಯಲ್ಲಿ ಬರೆದು, ಬಸ್ಸಿನವನ ಕೈಯಲ್ಲಿ ಕಳಿಸಿದರು. ಉಜ್ಜಿದರೆ ಮೂಡುವುದಿಲ್ಲ. ನಾನು ಅದನ್ನು ಎದುರಿಗಿಟ್ಟುಕೊಂಡು, ಕಂಡ ಹಾಗೆಯೇ ಲಿನೋದ ಮೇಲೆ ಬರೆದು ಕೆತ್ತಿದೆ. ತಿರುಗಿಸಬೇಕೆಂಬುದು ನೆನಪಾಗಲಿಲ್ಲ. ಪ್ರೂಫ್ ನೋಡಲು ಬರುತ್ತೀರಾ ಎಂದು ಅವರ ಮನೆ ಹತ್ತಿರದ ಅಂಗಡಿಗೆ ಫೋನು ಮಾಡಿದಾಗ, "ಜ್ವರ ಉಂಟು, ಬರಲಿಕ್ಕೆ ಆಗುವುದಿಲ್ಲ. ನೀವೇ ನೋಡಿ ಹಾಕಿ ಮಾರಾಯ್ರೆ," ಎಂದರು. ನೋಡಿದೆ. ಅಕ್ಷರವಾಗಿದ್ದರೆ ತಿರುಗಿದ್ದು ಮೊದಲ ಪ್ರೂಫಿನಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಬಳ್ಳಿಗೂ ಎಡಬಲ ಉಂಟೆಂದು ನನಗೆ ಗೊತ್ತಿರಲಿಲ್ಲ.

ಲೇಖನದಲ್ಲಿ ಅವರು ಬರೆದದ್ದು ಹೀಗೆ: ಗೆಣಸಿನ ಹೆಸರು ಊರಿಗೊಂದು, ಜಾತಿಗೊಂದು, ಭಾಷೆಗೊಂದು, ಹೆಸರನ್ನು ನಂಬಬೇಡಿ. ಹೃದಯದಾಕಾರದ ಎಲೆಯ ಎರಡು ಬಳ್ಳಿಗಳಿವೆ. ಒಂದು ಒಳ್ಳೆಯ ಆಹಾರ, ಇನ್ನೊಂದು ಹೊಟ್ಟೆಗೆ ಕೆಟ್ಟದ್ದು. ಬಳ್ಳಿ ಮರವನ್ನು ಚಿತ್ರದಲ್ಲಿರುವಂತೆ ಸುತ್ತಿದ್ದರೆ ದೀಪಾವಳಿಯ ಅನಂತರ ಅಗೆದು ತಿನ್ನಿ. ಅದಕ್ಕೆ ವಿರುದ್ಧವಾಗಿ ಸುತ್ತಿದ್ದರೆ ಮುಟ್ಟಬೇಡಿ.

ಕುಕ್ಕುಂದೂರಿನ ಆ ಮನೆಯ ಗಿರಿಜಕ್ಕ ಮೂಲತಃ ಕಾಪುವಿನ ಕಡಲ ಕರೆಯವರು. ಗಂಡನಿಗೆ ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇತ್ತ ಬಂದವರು. ಮೀನನ್ನು ಕಣ್ಣು ಮುಚ್ಚಿ ಗುರುತಿಸುವವರಿಗೆ ಗುಡ್ಡದ ಗೆಣಸು ಗೊತ್ತಿರಲಿಲ್ಲ. ಚಿತ್ರದಲ್ಲಿ ಕಂಡಂತೆ ಸುತ್ತಿದ ಬಳ್ಳಿಯನ್ನೇ ಹುಡುಕಿ ಅಗೆದರು. ಬೇಯಿಸಿದರು. ಕಹಿ ಇತ್ತು.

ಕಹಿ ಎಂದು ಉಗುಳಬಹುದಿತ್ತಲ್ಲ ಎಂದು ಬೇರೆ ಊರಿನವರು ಕೇಳಿಯಾರು. ನಮ್ಮಲ್ಲಿ ಆಷಾಢದ ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯವನ್ನು ಮಕ್ಕಳ ಮೂಗು ಹಿಡಿದು ಕುಡಿಸುತ್ತೇವೆ. ಕಹಿ ಹೆಚ್ಚಾದಷ್ಟೂ ಮದ್ದು ಎಂಬುದು ನಮ್ಮ ಮೈಯಲ್ಲಿ ಇಳಿದಿದೆ. ಹುಡುಗಿ ಪ್ರೇಮಾ ಬೇಡವೆಂದು ಅತ್ತಳು. ತಾಯಿ ಬೆಲ್ಲ ಕಿವುಚಿ ತಿನ್ನಿಸಿದರು. ತಮಗೆ ಉಳಿದದ್ದು ಒಂದು ತುಂಡು. ಅದನ್ನೇ ತಿಂದು ಅವರಿಗೂ ವಾಂತಿಯಾಯಿತು, ಆದರೆ ಎದ್ದು ನಿಲ್ಲುವಷ್ಟು ಶಕ್ತಿ ಉಳಿದಿತ್ತು. ಪ್ರಜ್ಞೆ ತಪ್ಪಿದ ಮಗುವನ್ನು ಎತ್ತಿಕೊಂಡು ಮಣಿಪಾಲಕ್ಕೆ ಹೋಗುವಾಗ, ಪಕ್ಕದ ಮನೆಯ ಅಜ್ಜಿ ಬುದ್ಧಿವಂತಿಕೆಯಿಂದ ಗೆಣಸಿನ ಸಿಪ್ಪೆಯನ್ನೂ ಬಳ್ಳಿಯ ತುದಿಯನ್ನೂ ಎಲೆಯಲ್ಲಿ ಕಟ್ಟಿ ಅವರ ಕೈಗೆ ಕೊಟ್ಟರು.

ಇದು ಎಂತದೆಂದು ತಿಳಿಯಲು ಆಸ್ಪತ್ರೆಯವರು ಕಳಿಸಿದ ಆ ಪೊಟ್ಟಣ ಇವರ ಮೇಜಿಗೇ ಬಂತು.

ಇವರು ಅಂದು ಸಂಜೆ ನಾಲ್ಕು ಗಂಟೆಗೆ ಮುದ್ರಣಾಲಯಕ್ಕೆ ಬಂದರು. ಚಪ್ಪಲಿ ಬಿಡದೆ ಒಳಗೆ ಬಂದದ್ದು ಅದೇ ಮೊದಲು. ಗೆಣಸಿನ ಸಂಚಿಕೆ ಕೊಡಿ ಎಂದರು. ಕೊಟ್ಟೆ. ಬೈಂಡರ್ ಸಂಜೀವ ಮೂಲೆಯಲ್ಲಿ ಕೂತು ಅಚ್ಚಾದ ಫಾರಂ ಮಡಿಸುತ್ತಿದ್ದ. ಇವರು ಆ ಹಾಳೆಯನ್ನು ಎರಡು ಕೈಯಲ್ಲಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಆಮೇಲೆ ಮಗುಚಿ, ಹಿಂಬದಿ ತಮ್ಮ ಕಡೆಗೆ ಬರುವಂತೆ ಹಿಡಿದರು. ಬೆಳಕಿನಲ್ಲಿ ಚಿತ್ರ ಹಿಂದಿನಿಂದ ಕಾಣಿಸಿತು.

"ಇಲ್ಲಿಂದ ನೋಡಿದರೆ ಸರಿ ಉಂಟು," ಎಂದರು ಮೆಲ್ಲಗೆ. "ಸಂಜೀವ, ಬಾ, ನೀನೂ ನೋಡು. ಸರಿ ಉಂಟಲ್ವಾ?"

ಸಂಜೀವನಿಗೆ ಏನೂ ಅರ್ಥವಾಗದೆ, "ಚಂದ ಉಂಟು ಮಾಷ್ಟ್ರೆ," ಎಂದ. ನನಗೆ ಅರ್ಥವಾಗಿತ್ತು. ಲಿನೋ ಕೆತ್ತುವ ಉಳಿ ನನ್ನ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟ ಶಬ್ದ ನನಗೆ ಈಗಲೂ ಕೇಳಿಸುತ್ತದೆ.

"ಮಗು ಹೇಗುಂಟು?" ಎಂದು ಕೇಳಿದೆ. "ಗೊತ್ತಿಲ್ಲ," ಎಂದರು. ಮತ್ತೆ, "ಕಣ್ಣು ಬಿಡುವುದಿಲ್ಲ," ಎಂದರು.

ತಿದ್ದುಪಡಿಯನ್ನು ಅಲ್ಲಿಯೇ ನಿಂತು ಬರೆದರು. ಅದರಲ್ಲಿ 'ನಾನು ತಪ್ಪು ತಿಳಿಸಿದ್ದೇನೆ, ಚಿತ್ರವನ್ನು ನಂಬಿ ಯಾರೂ ಅಗೆಯಬೇಡಿ' ಎಂದಿತ್ತು. ನಾನು, "ತಪ್ಪು ನನ್ನದು, ಬ್ಲಾಕು ತಿರುಗಿದ್ದು ಅಂತ ಬರೆಯುವಾ," ಎಂದೆ.

"ಹಾಗೆ ಬರೆದರೆ ಜನ ಎಂತ ಮಾಡುತ್ತಾರೆ ಗೊತ್ತುಂಟಾ? ಸರಿಯಾದ ಬ್ಲಾಕು ಹಾಕಿ ಎನ್ನುತ್ತಾರೆ. ನಾಳೆ ಇನ್ನೊಂದು ಚಿತ್ರ, ಇನ್ನೊಂದು ಮಗು. ಕೈಯಲ್ಲಿ ಬಳ್ಳಿ ಹಿಡಿದು ತೋರಿಸಬೇಕಾದ್ದನ್ನು ನಾನು ಕಾಗದದಲ್ಲಿ ತೋರಿಸಲಿಕ್ಕೆ ಹೋದೆ. ಅದು ನಿಮ್ಮ ತಪ್ಪಲ್ಲ."

ನನಗೆ ಸಮಾಧಾನ ಹೇಳಲು ಆಡಿದ ಮಾತಲ್ಲ ಅದು. ಸಮಾಧಾನ ಹೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ನಂಬಿಯೇ ಹೇಳಿದರು. ನಾನು ಮತ್ತೆ ಒತ್ತಾಯಿಸಲಿಲ್ಲ. ಸುಮ್ಮನಾದಾಗ ನನಗೆ ಸ್ವಲ್ಪ ಹಗುರಾಯಿತು ಎಂಬುದನ್ನೂ ಇಲ್ಲಿ ಬರೆಯಬೇಕು.

ತಿದ್ದುಪಡಿ ಅಚ್ಚಾಯಿತು. ಆದರೂ ಅವರು ಮರುದಿನ ಬಂದು ನಮ್ಮ ಯಜಮಾನರ ಎದುರು ನಿಂತರು. ಚಂದಾದಾರರ ವಿಳಾಸದ ಪಟ್ಟಿ ಬೇಕಂತೆ.

"ತಿದ್ದುಪಡಿ ಹಾಕಿದ್ದೇವಲ್ಲ ಮಾರಾಯ್ರೆ, ಮತ್ತೆಂತ?" ಎಂದರು ಯಜಮಾನರು.

"ತಿದ್ದುಪಡಿಯನ್ನು ಯಾರು ಗೋಡೆಗೆ ಅಂಟಿಸುತ್ತಾರೆ?" ಎಂದರು ಇವರು.

ಹನ್ನೊಂದನೆಯ ದಿನ ಪ್ರೇಮಾ ಮನೆಗೆ ಬಂದಳು. ಮರುದಿನವೇ ನಾವು ಕುಕ್ಕುಂದೂರಿಗೆ ಹೋದದ್ದು. ಗಿರಿಜಕ್ಕ ಬೈಯಲಿಲ್ಲ; ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಇವರು ಗೋಡೆಯ ಕಾಗದವನ್ನು ಕೆರೆದರು. ಗಂಜಿ ಗಟ್ಟಿ ಹಿಡಿದಿತ್ತು. ಅಕ್ಷರಗಳೆಲ್ಲ ಬಂದವು, ಚಿತ್ರ ಬರಲಿಲ್ಲ. ಶಾಯಿ ಹೆಚ್ಚು ಹಿಡಿದ ಜಾಗ. ಉಗುರಿನ ಸಂದಿಯಲ್ಲಿ ಸುಣ್ಣ ಹೋಗಿ ರಕ್ತ ಬಂತು. ಗಿರಿಜಕ್ಕ ಸ್ವಲ್ಪ ಹೊತ್ತು ನೋಡಿ, ಒಲೆಯ ಹಿಂದಿನಿಂದ ಮಸಿಬಟ್ಟೆ ತೆಗೆದು, ಅವರನ್ನು ಪಕ್ಕಕ್ಕೆ ಸರಿಸಿ, ಎರಡು ಸಲ ಒರೆಸಿ ಆ ಜಾಗವನ್ನೇ ಕಪ್ಪು ಮಾಡಿಬಿಟ್ಟರು.

"ಅಮ್ಮಾ, ನನ್ನಿಂದ ದೊಡ್ಡ ತಪ್ಪಾಯಿತು," ಎಂದರು ಇವರು.

"ತಿನ್ನಿಸಿದ್ದು ನನ್ನ ಕೈ," ಎಂದರು ಗಿರಿಜಕ್ಕ. ಮತ್ತೆ ಕೇಳಿದರು: "ನಮ್ಮಲ್ಲಿ ಹೋಯಿತು. ಇನ್ನೆಷ್ಟು ಮನೆಯಲ್ಲಿ ಉಂಟು ಇದು?"

ಪ್ರೇಮಾ ಚಾಪೆಯ ಮೇಲೆ ಕೂತಿದ್ದಳು. ಇವರು ಅವಳ ಎದುರು ಕುಳಿತು, ಕೋಲನ್ನು ನೇರ ಹಿಡಿದು, ಬಳ್ಳಿಯನ್ನು ಬಿಚ್ಚಿ ಮತ್ತೆ ಸುತ್ತಿದರು. "ನಿನ್ನ ಎಡದಿಂದ ಮೇಲೆ ಹತ್ತಿ ಬಲಕ್ಕೆ ಹೋಗುವುದು ಒಳ್ಳೆಯದು. ಹಾಂ, ನೀನು ಸುತ್ತು ನೋಡುವಾ." ಮಗು ತಾಯಿಯ ಮುಖ ನೋಡಿತು. ತಾಯಿ ಬೇಡ ಎನ್ನಲಿಲ್ಲ. ಮಗು ಸುತ್ತಿತು. ನಾನು ಹೊಸ್ತಿಲು ದಾಟಲಿಲ್ಲ.

ಅಲ್ಲಿಂದ ಶುರುವಾದದ್ದು ಎರಡು ವರ್ಷ ನಡೆಯಿತು. ಪ್ರತಿ ಭಾನುವಾರ ಕೋಲು, ಬಳ್ಳಿ, ಒದ್ದೆ ಬಟ್ಟೆ. ಕಾರ್ಕಳ, ಕಾಪು, ಪಡುಬಿದ್ರಿ, ಒಳಗಿನ ಊರುಗಳು. ಸಾಧ್ಯವಾದಾಗಲೆಲ್ಲ ನಾನೂ ಹೋದೆ. ಚಂದಾದಾರರ ಮನೆ ಸಿಗುತ್ತಿತ್ತು. ಆದರೆ ಅವರು ಓದಿ ಪಕ್ಕದ ಮನೆಗೆ ಕೊಟ್ಟಿರುತ್ತಾರೆ, ಅವರು ತಂಗಿಗೆ ಕಳಿಸಿರುತ್ತಾರೆ. ಒಂದು ಪ್ರತಿ ಹುಡುಕಿಕೊಂಡು ನಾಲ್ಕು ಅಂಗಳ ಹತ್ತಬೇಕು. ಮುಂಬಯಿಯ ಹೋಟೆಲಿಗೆ ಹೋದ ಪ್ರತಿಗೂ ಕಾರ್ಡು ಬರೆದರು. "ಮುಂಬಯಿಯಲ್ಲಿ ಯಾರು ಗೆಣಸು ಅಗೆಯುತ್ತಾರೆ?" ಎಂದರೆ, "ಊರಿಗೆ ರಜೆಯಲ್ಲಿ ಬರುತ್ತಾರಲ್ಲ," ಎಂದರು.

ಕಾಪುವಿನಲ್ಲಿ ಒಬ್ಬ ಮುದುಕರು ಜಗಲಿಯಿಂದಲೇ ಕೂಗಿದರು: "ಮೊದಲು ತಿನ್ನಿ ಅಂತ ಬರೆಯುವುದು, ಮತ್ತೆ ತಿನ್ನಬೇಡಿ ಅಂತ ಮನೆಮನೆಗೆ ಬರುವುದು. ಎಂತ, ಓಟಿಗೆ ನಿಲ್ಲುತ್ತೀರಾ?"

"ಹೌದು, ಚಿಹ್ನೆ ಇದೇ," ಎಂದು ಇವರು ಬಳ್ಳಿಯ ಕೋಲನ್ನು ಎತ್ತಿ ಹಿಡಿದರು. ಮುದುಕರು ನಕ್ಕು ಮಜ್ಜಿಗೆ ಕೊಟ್ಟರು. ಇವರು ಕುಡಿಯುತ್ತ ಕುಡಿಯುತ್ತಲೇ ಒಳಗಿನ ಗೋಡೆ ನೋಡುತ್ತಿದ್ದರು.

ನಗು ಅಷ್ಟೇ. ಅವರನ್ನು ನಿಜವಾಗಿ ತಿಂದದ್ದು ಬೇರೆ. ಕಾರ್ಕಳದ ಹತ್ತಿರ ಒಂದು ಮನೆಯಲ್ಲಿ, ಬಸುರಿ ಸೊಸೆಗೆ ರಕ್ತ ಕಡಿಮೆ ಎಂದು ತಿಳಿದು ಇವರು ಚಗಟೆಯ ಮಾತೆತ್ತಿದರು. ಚಗಟೆ ಆ ಮನೆಯ ಅಂಗಳದ ತುದಿಯಲ್ಲೇ ಇತ್ತು. ಅತ್ತೆ ಕೈ ಮುಗಿದು, "ಬೇಡ, ಅದು ಪೇಪರಿನ ಸೊಪ್ಪು," ಎಂದರು. ಅವರ ಅಜ್ಜಿಯ ಕಾಲದಿಂದ ತಿಂದು ಬಂದ ಸೊಪ್ಪು ಒಂದೇ ವರ್ಷದಲ್ಲಿ ಪೇಪರಿನದಾಗಿತ್ತು. ಇವರು ಆ ದಿನ ಬಸ್ಸಿಗೆ ಕಾಯಲಿಲ್ಲ. ಪೇಟೆಯವರೆಗೆ ನಡೆದರು, ನಾನು ಹಿಂದೆ ಓಡಿದ ಹಾಗೆ ನಡೆದೆ. "ಒಂದು ಗೆಣಸು ತಪ್ಪಿದ್ದಕ್ಕೆ ಇಡೀ ಬೇಲಿ ಹೋಯಿತು," ಎಂದು ಎರಡು ಸಲ ಹೇಳಿದರು.

ಅವರ ಹೆಂಡತಿ ಒಮ್ಮೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಊಟಕ್ಕೆ ಕೂತವರು ಎದ್ದು ಹೋಗುತ್ತಾರೆ. ಯಾರದೋ ಮನೆ ನೆನಪಾಯಿತಂತೆ. ನೀವಾದರೂ ಸಾಕು ಅಂತ ಹೇಳಿ," ಎಂದರು. ನಾನು ಹೇಳಲಿಲ್ಲ. ಯಾವ ಬಾಯಿಯಿಂದ ಹೇಳುವುದು? ಪಡುಬಿದ್ರಿಯ ಬಸ್‌ಸ್ಟ್ಯಾಂಡಿನಲ್ಲಿ ನೆಲಗಡಲೆ ಮಾರುವವನ ಬುಟ್ಟಿಯಲ್ಲಿ ನಮ್ಮ ಪತ್ರಿಕೆಯ ಕಟ್ಟು ಕಂಡು, ಪೊಟ್ಟಣ ಕಟ್ಟಲು ಇಟ್ಟಿದ್ದ ಕಾಗದವನ್ನೆಲ್ಲ ಅವರು ನೆಲದ ಮೇಲೆ ಹರಡಿ ನೋಡುವಾಗ, ಪಕ್ಕದಲ್ಲಿ ಕೂತು ಪುಟ ಮಗುಚಿದವನು ನಾನೇ.

ಆ ಪತ್ರಿಕೆಗೆ ಅವರು ಮತ್ತೆ ಬರೆಯಲಿಲ್ಲ. ಸೊಪ್ಪು ಸುಡುವುದನ್ನು ಮಾತ್ರ ಬಿಡಲಿಲ್ಲ. ಯಾರಾದರೂ ಕೇಳಿದರೆ, "ನಿಮ್ಮ ಮನೆಗೆ ಬರುತ್ತೇನೆ, ಬೇಲಿ ತೋರಿಸಿ," ಎನ್ನುವರು. ಹೋಗಿ, ಮನೆಯವರ ಕೈಯಲ್ಲೇ ಕೊಯ್ಯಿಸಿ, ಹಿಸುಕಿಸಿ, ಮೂಸಿಸಿ, ಬೇಯಿಸಿ, ತಾನು ಮೊದಲು ತಿಂದು ಬರುವರು. ವರ್ಷಕ್ಕೆ ಎಷ್ಟು ಮನೆ ಆದೀತು ಹಾಗೆ? ಹಿಂದೆ ಒಂದು ವಾರದಲ್ಲಿ ತಲುಪುತ್ತಿದ್ದಷ್ಟು ಜನರನ್ನು ಅವರು ಉಳಿದ ಆಯುಷ್ಯದಲ್ಲಿ ತಲುಪಲಿಲ್ಲ.

ಎಂಬತ್ತೇಳರಲ್ಲಿ ಮುದ್ರಣಾಲಯ ಮುಚ್ಚುವ ವಾರ ಅವರು ಬಂದರು. ಕೂದಲು ಪೂರ್ತಿ ಹಣ್ಣಾಗಿತ್ತು. "ಫೈಲು ಪ್ರತಿ ಉಂಟಲ್ವಾ, ಎಪ್ಪತ್ತೊಂಬತ್ತರದ್ದು?" ಎಂದರು. ಆ ಚಿತ್ರವಿರುವ ಪ್ರತಿಗಳಲ್ಲಿ ನಮಗೆ ತಿಳಿದಂತೆ ಉಳಿದದ್ದು ಅದೊಂದೇ. ಸಂಜೀವ ಅದನ್ನು ವರ್ಷದ ಸಂಪುಟವಾಗಿ ಹೊಲಿದು ರಟ್ಟು ಹಾಕಿದ್ದ. ತಂದು ಮೇಜಿನ ಮೇಲಿಟ್ಟ. ಹರಿಯುತ್ತಾರೆ ಎಂದು ನಾನು ಕತ್ತರಿಯನ್ನು ಮುಂದಿಟ್ಟೆ.

"ಹರಿದರೆ, ಇಂಥದ್ದೊಂದು ಆಗಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ," ಎಂದರು. ಕಿಸೆಯಿಂದ ಪೆನ್ನು ತೆಗೆದು ಚಿತ್ರದ ಅಂಚಿನಲ್ಲಿ ಬರೆದರು: 'ಬಳ್ಳಿ ತಿರುಗಿದೆ. ನಂಬಬೇಡಿ. ತಪ್ಪು ನನ್ನದು.' ಕೆಳಗೆ ಸಹಿ ಹಾಕಿದರು. ಆಮೇಲೆ ಪೆನ್ನನ್ನು ಮುಚ್ಚದೆ ನನ್ನ ಕಡೆ ಚಾಚಿದರು.

ಎಂಟು ವರ್ಷದಲ್ಲಿ ಅವರು ನನ್ನಿಂದ ಏನಾದರೂ ಕೇಳಿದ್ದು ಅದೊಂದೇ. ಕೇಳಿದ್ದೂ ಅಲ್ಲ, ಚಾಚಿದ್ದು. ನಾನು ಕೆಲಸ ಹುಡುಕುತ್ತಿದ್ದೆ. ಬ್ಲಾಕು ತಿರುಗಿಸದೆ ಕೆತ್ತಿದವನು ಎಂಬ ಮಾತು ಹರಡಿದರೆ ಯಾವ ಮುದ್ರಣಾಲಯದವರು ತೆಗೆದುಕೊಳ್ಳುತ್ತಾರೆ ಎಂದು ಆ ಕ್ಷಣದಲ್ಲಿ ಹೊಳೆಯಿತು. "ನಾಳೆ ಬರೆಯುತ್ತೇನೆ," ಎಂದೆ.

"ಆಯ್ತು," ಎಂದರು. ಪೆನ್ನಿಗೆ ಮುಚ್ಚಳ ಹಾಕಿ, ಕಿಸೆಗೆ ಸಿಕ್ಕಿಸಿ ಹೋದರು. ಆಮೇಲೂ ಸಿಗುತ್ತಿದ್ದರು, ನಗುತ್ತಿದ್ದರು, ಸೊಪ್ಪಿನ ಮಾತಾಡುತ್ತಿದ್ದರು. ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಅವರ ಹನ್ನೆರಡನೆಯ ದಿನದ ಊಟದಲ್ಲಿ, ನನ್ನ ಎದುರು ಪಂಕ್ತಿಯಲ್ಲಿ ಕೂತ ಒಬ್ಬರು ಪಲ್ಯ ಬಡಿಸುವವನಿಗೆ, "ಮಾಷ್ಟ್ರ ಸೊಪ್ಪಲ್ಲ ತಾನೇ? ಹಾಗಾದರೆ ಬಡಿಸು," ಎಂದರು. ಸುತ್ತ ಕೂತವರು ನಕ್ಕರು. ನಾನು ಊಟ ಬಿಟ್ಟು ಎದ್ದೆ.

ಸಂಪುಟ ಸಂಜೀವನ ಮನೆಯಲ್ಲಿತ್ತು. ಅವನು ಹೊಲಿದದ್ದೆಂದು ರದ್ದಿಗೆ ಹಾಕದೆ ಒಯ್ದಿದ್ದ. ಮರುದಿನ ಕುಕ್ಕುಂದೂರಿಗೆ ಹೋಗಿ ಪ್ರೇಮಾಳನ್ನು ಕಂಡೆ. ಅವಳಿಗೆ ಈಗ ಹದಿನಾರು, ಕಾಲೇಜಿಗೆ ಹೋಗುತ್ತಾಳೆ. ಎಲ್ಲ ಹೇಳಿದೆ, ಸಂಪುಟದಲ್ಲಿ ಅವರ ಸಹಿಯ ಕೆಳಗೆ ಬರೆಯಲು ಹೊರಟದ್ದನ್ನೂ. "ನೀವು ಬರೆಯುವಾಗ ನಾನು ನೋಡಬೇಕು," ಎಂದಳು. ಅವಳ ತಂದೆಯನ್ನು ಕೇಳಿ ಸಂಜೀವನ ಮನೆಗೆ ಕರೆದುಕೊಂಡು ಹೋದೆ.

ಅವರ ಸಹಿಯ ಕೆಳಗೆ ಹೆಚ್ಚು ಜಾಗ ಇರಲಿಲ್ಲ. 'ಚಿತ್ರ ತಿರುಗಿಸದೆ ಕೆತ್ತಿದವನು ನಾನು' ಎಂದು ಬರೆಯತೊಡಗಿದೆ. ಅಕ್ಷರ ಸಣ್ಣದಾಗುತ್ತ ಹೋಯಿತು.

"ದೊಡ್ಡದಾಗಿ ಬರೆಯಿರಿ," ಎಂದಳು ಪ್ರೇಮಾ, "ಓದಲಿಕ್ಕೆ ಆಗಬೇಕು."

ಪಕ್ಕದ ಅಂಚಿನವರೆಗೂ ಹಿಡಿಯುವಂತೆ ದೊಡ್ಡದಾಗಿ ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಗಿರಿಜಕ್ಕ ಮೂರು ವರ್ಷದ ಹಿಂದೆ ತೀರಿಹೋದರು. ಅವರಿಗೆ ನಾನು ಹೇಳಲಿಲ್ಲ. ನಾನು ಬರೆದದ್ದನ್ನು ಕಣ್ಣಾರೆ ಕಂಡವರು ಇಬ್ಬರು: ಕಾಪುವಿನ ಬೈಂಡರ್ ಸಂಜೀವ, ಕುಕ್ಕುಂದೂರಿನ ಗಿರಿಜಕ್ಕನ ಮಗಳು ಪ್ರೇಮಾ. ಇಬ್ಬರೂ ಬದುಕಿದ್ದಾರೆ, ಕೇಳಬಹುದು.